ಕೂದಲೆಳೆಯ ಗೆರೆ

(ಮೋರಟಗಿಯಲ್ಲಿ, ವಿಜಯಪುರ–ಕಲಬುರ್ಗಿ ರಸ್ತೆಗೆ ಮುಖ ಮಾಡಿರುವ ಒಂದು ಡಿಟಿಪಿ ಅಂಗಡಿ. ಅಂಗಡಿ ಅಳಿಯನದು. ಮಾಮ ವಿಜಯಪುರದ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸಿ ವಯಸ್ಸು ಕಳೆದವರು.)

ಅಳಿಯ: ಮಾಮಾ, ಸ್ವಲ್ಪ ಇತ್ಲಾಗ ಬರ್ರಿ. ಈ ಲಗ್ನಪತ್ರ ನೋಡ್ರಿ. ಹುಡುಗ ಪುಣೆದಾಗ ನೌಕರಿ ಮಾಡ್ತಾನ. ಫೋನಿನ್ಯಾಗ ಒಂದು ಫೋಟೋ ಕಳಿಸಿ, ನಮಗ ಇಂಥಾ ಅಕ್ಷರನ ಬೇಕು ಅಂದಾನ. ಇಂಗ್ಲಿಷ್ ಹೆಸರು ಹಾಕಿದೆ, ಭಾರಿ ಚಂದ ಕೂತದ. ಕೆಳಗ ಕನ್ನಡ ಹಾಕಿದ ಕೂಡ್ಲೇ ಎಲ್ಲಾ ಕೆಟ್ಟು ಕುಂತದ.

ಮಾಮ: ತಡಿ, ಚಾಳೀಸ ಹಾಕ್ಕೋತೀನಿ. ಹಾಂ... ಇದು ಹೊಸಾದಲ್ಲಪಾ, ಇನ್ನೂರು ವರ್ಷಕ್ಕಿಂತ ಹಳೇ ಅಕ್ಷರ. ಈ 'ಎಂ' ನೋಡು. ಒಂದು ಕಾಲು ದಪ್ಪ, ಇನ್ನೊಂದು ಕಾಲು ಅದನೋ ಇಲ್ಲೋ ಅನ್ನುವಷ್ಟು ತೆಳು. ದಪ್ಪದಿಂದ ತೆಳುವಿಗೆ ಹೋಗೂವಾಗ ಇಳಿಜಾರು ಇಲ್ಲ, ಒಮ್ಮಿಗ್ಲೇ ಜಿಗೀತದ. ಬುಡಕ್ಕ ಅಡ್ಡ ಒಂದು ಗೆರಿ ಅದಲಾ, ಅದಕ್ಕ ಸೆರಿಫ್ ಅಂತಾರ, ಅದೂ ಅಷ್ಟ ತೆಳು, ಸೀದಾ. ಇಟಲಿಯ ಪಾರ್ಮಾ ಊರಾಗ ಬೊಡೋನಿ, ಪ್ಯಾರಿಸ್ಸಿನ್ಯಾಗ ಡಿಡೋ ಮನೆತನದವರು, ಇವರಿಬ್ಬರೂ 18ನೇ ಶತಮಾನದ ಕೊನೀಗೆ ಈ ಜಾತಿ ಅಕ್ಷರಕ್ಕ ರೂಪ ಕೊಟ್ಟವರು. ಇವತ್ತು ವೋಗ್ ಅಂತ ಫ್ಯಾಶನ್ ಪತ್ರಿಕಿ ಬರ್ತದಲಾ, ಅದರ ತಲೆಬರಹ ಡಿಡೋ ಅಕ್ಷರದ್ದು.

ಅಳಿಯ: ಅದಕ್ಕ ಅತ್ತರ ಬಾಟ್ಲಿ, ಬಂಗಾರದ ಅಂಗಡಿ, ಎಲ್ಲಾ ಕಡೆ ಇದ ಕಾಣ್ತದ. ನೋಡಿದ ಕೂಡ್ಲೇ ತುಟ್ಟಿ ಸಾಮಾನು ಅನ್ನಿಸ್ತದ. ಹಂಗ ಯಾಕ ಅನ್ನಿಸ್ತದ್ರಿ?

ಮಾಮ: ತುಟ್ಟಿ ಇತ್ತು, ಅದಕ್ಕ ಹಂಗ ಅನ್ನಿಸ್ತದ. ಆ ತೆಳುಗೆರಿ ಕಾಗದದ ಮ್ಯಾಲ ಮೂಡಬೇಕಾದ್ರ ಕಾಗದ ನುಣುಪು ಇರಬೇಕು, ಶಾಯಿ ಗಟ್ಟಿ ಇರಬೇಕು, ಮೊಳಿ ಹೊಸಾದಿರಬೇಕು, ಒತ್ತು ಹದಾ ಇರಬೇಕು. ಇದರಾಗ ಒಂದು ತಪ್ಪಿದ್ರೂ ಗೆರಿ ಹರಿದುಹೋಗ್ತದ. ಬೊಡೋನಿ ಪಾರ್ಮಾದ ಡ್ಯೂಕನ ಪ್ರೆಸ್ ನೋಡ್ಕೊಂಡಿದ್ದ. ರೊಕ್ಕದ ಚಿಂತಿ ಇರಲಿಲ್ಲ. ದೊಡ್ಡ ಹಾಳಿ, ಸುತ್ತ ಅಗಲ ಅಂಚು, ನಡುವ ನಾಕ ಸಾಲು. ಓದ್ಲಿಕ್ಕಿಂತ ನೋಡ್ಲಿಕ್ಕೇ ಮಾಡಿದ ಪುಸ್ತಕ ಅವು. 1813ರಾಗ ಅವ ತೀರ್ಕೊಂಡ. ಅವ ಕೊರೆದ ಅಕ್ಷರಗಳ ಮಾದರಿ ಪುಸ್ತಕ 'ಮ್ಯಾನುವಾಲೆ ಟಿಪೊಗ್ರಾಫಿಕೊ' ಹೊರಗ ತಂದಾಕಿ ಅವನ ಹೆಂಡ್ತಿ ಮಾರ್ಗರೀತಾ, 1818ರಾಗ. ಎರಡು ಸಂಪುಟ. ಹೆಸರು ಮಾತ್ರ ಗಂಡಂದು ಉಳೀತು.

ಅಳಿಯ: ಅಂದ್ರ ಮೊದಲು ಕಾಗದ, ಆಮ್ಯಾಲ ಅಕ್ಷರ ಅನ್ರಿ.

ಮಾಮ: ಹೌದು. ಬೊಡೋನಿಗಿಂತ ಮೊದಲು ಇಂಗ್ಲೆಂಡಿನ ಬರ್ಮಿಂಗ್ಹಾಮ್‌ನಾಗ ಬ್ಯಾಸ್ಕರ್‌ವಿಲ್ ಅಂತ ಒಬ್ಬ ಇದ್ದ. ಮೊದಲು ಮಕ್ಕಳಿಗೆ ಅಕ್ಷರ ತಿದ್ದಿಸೋ ಮಾಸ್ತರ, ಆಮ್ಯಾಲ ಅರಗು ಹಚ್ಚಿದ ತಾಟು-ಪೆಟಗಿ ಮಾಡಿ ರೊಕ್ಕ ಗಳಿಸಿದ. ಆ ರೊಕ್ಕ ತಂದು ಅಕ್ಷರಕ್ಕ ಸುರದ. ಅವನ ಅಕ್ಷರದ ಗೆರಿ ಆಗಿನ ಕಾಲಕ್ಕ ಭಾಳ ಸಣ್ಣ. ಒರಟ ಕಾಗದದ ಮ್ಯಾಲ ನಿಲ್ಲಂಗಿಲ್ಲ ಅಂತ ನುಣುಪು ಕಾಗದ ಹುಡುಕಿದ, ಅಚ್ಚು ಹಾಕಿದ ಹಾಳಿನ ಬಿಸಿ ತಾಮ್ರದ ತಗಡಿನ ನಡುವ ಇಟ್ಟು ಒತ್ತಿದ. 1757ರಾಗ ವರ್ಜಿಲ್ ಕವಿಯ ಪುಸ್ತಕ ಹಂಗ ಹೊರಗ ಬಂತು. ಮಂದಿ ಹೊಗಳಲಿಲ್ಲ, ಇಂಥಾದ್ದು ಓದಿದ್ರ ಕಣ್ಣು ಹೋಗ್ತಾವ ಅಂತ ಗುಲ್ಲೆಬ್ಬಿಸಿದ್ರು.

ಅಳಿಯ: ಹೋಗ್ತಾವೇನು?

ಮಾಮ: ಅದಕ್ಕ ಒಂದು ಮಜಾ ಕಥಿ ಅದ, ಖರೇ ನಡೆದದ್ದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮೊದಲು ಅಚ್ಚು ಹಾಕೋನ ಇದ್ದ, ಗೊತ್ತಲಾ? ಅವನ ಮುಂದ ಒಬ್ಬ ಮನುಷ್ಯಾ ಬಂದು, ಈ ಬ್ಯಾಸ್ಕರ್‌ವಿಲ್ ದೇಶದ ಓದುಗರನ್ನೆಲ್ಲಾ ಕುರುಡು ಮಾಡ್ತಾನ, ಗೆರಿ ಅಷ್ಟು ತೆಳು ಅಂತ ಬೈದ. ಮರುಸಲ ಅವ ಬಂದಾಗ ಫ್ರಾಂಕ್ಲಿನ್ ಏನ್ ಮಾಡಿದ ಅಂದ್ರ, ಕ್ಯಾಸ್ಲನ್ ಅಂತ ಇನ್ನೊಬ್ಬನ ಅಕ್ಷರದ ಹಾಳಿ ತಗೊಂಡು, ಮ್ಯಾಲಿನ ಹೆಸರು ಹರಿದು, ಇದು ಬ್ಯಾಸ್ಕರ್‌ವಿಲ್ಲಂದು, ದೋಷ ಎಲ್ಲದ ತೋರಸು ಅಂದ. ಆ ಮನುಷ್ಯಾ ಒಂದೊಂದ ಅಕ್ಷರಕ್ಕ ಬೊಟ್ಟು ಇಟ್ಟು ತೋರಿಸಿದ, ಓದಿದ್ರ ಕಣ್ಣು ಉರೀತಾವ ಅಂದ. ಅವ ದಿನಾ ಓದೋ ಪುಸ್ತಕದ ಅಕ್ಷರ ಅವು! ಫ್ರಾಂಕ್ಲಿನ್ ಇದನ್ನ 1760ರಾಗ ಸ್ವತಃ ಬ್ಯಾಸ್ಕರ್‌ವಿಲ್‌ಗೆ ಪತ್ರ ಬರೆದು ತಿಳಿಸಿದ.

ಅಳಿಯ: ಹಂಗಾದ್ರ ತೆಳುಗೆರಿ ಓದಾಕ ಬರಂಗಿಲ್ಲ ಅಂಬೋದು ಬರೇ ರೂಢಿ ಮಾತು. ನೀವು ನನ್ನ ಪರ ವಕೀಲಿಕಿ ಮಾಡಿದ್ರಿ ಮಾಮಾ.

ಮಾಮ: ಅರ್ಧ ಮಾಡೀನಿ. ಇನ್ನರ್ಧ ಕೇಳು. ಬ್ಯಾಸ್ಕರ್‌ವಿಲ್ ತನ್ನ ಅಕ್ಷರಕ್ಕ ತಕ್ಕ ಕಾಗದ ಕೂಡ ಹುಡುಕಿದ. ನೀ ಅಕ್ಷರ ಅಷ್ಟ ತರ್ತಿ, ಕಾಗದ ಶಿವಕಾಶಿಯಿಂದ ಬಂದ ರೆಡಿ ಕಾರ್ಡು. ಅದರ ಮ್ಯಾಲ ಉಬ್ಬು ಹೂವು, ಗಣಪತಿ, ಮಿಂಚು. ನಿನ್ನ ತೆಳುಗೆರಿ ಆ ಉಬ್ಬಿನ ತಗ್ಗಿನ್ಯಾಗ ಬಿದ್ದು ಸಾಯ್ತದ. ಹ್ಯಾಂಗ ಅಚ್ಚು ಹಾಕ್ತಿ? ಸ್ಕ್ರೀನ್ ಪ್ರಿಂಟೇನು?

ಅಳಿಯ: ಹೂಂ, ಗೋಲ್ಡ್ ಬಣ್ಣದಾಗ ಸ್ಕ್ರೀನ್ ಪ್ರಿಂಟು.

ಮಾಮ: ಮುಗೀತು. ಸ್ಕ್ರೀನ್ ಅಂದ್ರ ಬಟ್ಟಿ. ನಿನ್ನ ಗೆರಿ ಆ ಬಟ್ಟಿ ಎಳಿಯ ಸಂದಿಗಿಂತ ಸಣ್ಣದಾದ್ರ ಬಣ್ಣ ಇಳ್ಯಂಗಿಲ್ಲ. ಇಳಿದ್ರೂ ತುಂಡುತುಂಡು. ಗೋಲ್ಡಿನ್ಯಾಗ ಪುಡಿ ಬ್ಯಾರೆ ಇರ್ತದ.

ಅಳಿಯ: ಇಂಗ್ಲಿಷಿನ ಮಾತು ಒಂದು ಕಡೆ ಇರ್ಲಿ. ಕನ್ನಡದಾಗ ಈ ದಪ್ಪ-ತೆಳು ಮೊದಲಿಂದ ಇತ್ತೇನ್ರಿ? ಇಲ್ಲಾ ಮಿಷನರಿಗಳು ತಂದದ್ದೋ?

ಮಾಮ: ತಾಡೋಲಿ ನೋಡಿಯಲ್ಲ? ಕಂಟದಿಂದ ಗೀರಿ ಬರೀತಿದ್ರು. ಮೊನಚ ಕಬ್ಬಿಣ, ಒಂದ ಅಳತಿ ಗೆರಿ. ಅದರಾಗ ದಪ್ಪನೂ ಇಲ್ಲ, ತೆಳುನೂ ಇಲ್ಲ. ಆಮ್ಯಾಲ ಮಸಿ ತಿಕ್ಕಿದ್ರ ಅಕ್ಷರ ಎದ್ದು ಕಾಣ್ತಿತ್ತು. ನಮ್ಮ ಅಕ್ಷರದ ದುಂಡು ಆ ಎಲಿ ಮ್ಯಾಲ ಬೆಳದು ಬಂದದ್ದು. ದಪ್ಪ-ತೆಳು ಬರೂದು ಅಗಲ ಬಾಯಿ ಲೇಖನಿಯಿಂದ. ಬೋರು ಗೊತ್ತಲಾ, ಲಾಳಕಡ್ಡಿ ಓರಿ ಕತ್ತರಿಸಿ ಬರೆಯೋದು. ನಮ್ಮಪ್ಪಗ ಸಾಲ್ಯಾಗ ಬೋರಿಲೇ ತಿದ್ದಿಸ್ತಿದ್ರು. ಕೈ ಒಂದ ಕಡೆ ತಿರುಗಿಸಿದ್ರ ಅಗಲ, ಇನ್ನೊಂದ ಕಡೆ ತಿರುಗಿಸಿದ್ರ ಸಣ್ಣ. ಅಕ್ಷರ ತಾನ ಉಸಿರು ತಗೊಂತದ.

ಅಳಿಯ: ವಿಜಯಪುರದ ಇಬ್ರಾಹಿಂ ರೋಜಾದ ಗ್ವಾಡಿ ಮ್ಯಾಲ ಇರೋ ಅಕ್ಷರ ಹಂಗ ಅವ.

ಮಾಮ: ಸರಿಯಾಗಿ ಹೇಳಿದಿ. 1627ರ ಸುಮಾರಿಗೆ ಮುಗಿದ ಕಟ್ಟಡ ಅದು. ಅಲ್ಲಿ ಕಲ್ಲಿನ ಮ್ಯಾಲ ಕೊರೆದದ್ದು ಲೇಖನಿಯ ನಡಿಗಿ. ಕಿಟಕಿಯ ಜಾಲಂದ್ರ ಅಕ್ಷರದ್ದ. ಕಲ್ಲು ತೆಗೆದು ತೆಗೆದು ಅಕ್ಷರ ಉಳಿಸ್ಯಾರ, ಸಂದಿಯಿಂದ ಬೆಳಕು ಬರ್ತದ. ತೆಳುಗೆರಿ ಕೂಡ ಕಲ್ಲ ಅದು, ಮುರದ್ರ ಕಿಟಕಿನ ಬೀಳ್ತದ. ಅದಕ್ಕ ಕಲ್ಲುಕುಟಿಗ ತೆಳುವಿಗೂ ಒಂದು ಮಿತಿ ಇಟ್ಟಾನ. ಕಾಗದದ ಮ್ಯಾಲ ಎಷ್ಟು ತೆಳು ಆಗ್ತದೋ ಅಷ್ಟು ಕಲ್ಲಿನ್ಯಾಗ ಮಾಡಲಿಲ್ಲ. ಆ ಇಬ್ರಾಹಿಂ ಆದಿಲ್‌ಶಾಹಗ ಅಕ್ಷರದ ಹುಚ್ಚು ಎಷ್ಟು ಅಂದ್ರ, ಇರಾನದಿಂದ ಬಂದ ಖಲೀಲುಲ್ಲಾ ಅನ್ನೋ ಬರಹಗಾರಗ 'ಲೇಖನಿಯ ಬಾದಶಹ' ಅಂತ ಬಿರುದು ಕೊಟ್ಟ. ಬಾದಶಹ ತಾನಿದ್ದು ಇನ್ನೊಬ್ಬಗ ಬಾದಶಹ ಅನ್ನೂದು ಸಣ್ಣ ಮಾತಲ್ಲ.

ಅಳಿಯ: ಕನ್ನಡ ಅಕ್ಷರಕ್ಕ ಮಾತ್ರ ಯಾರೂ ಬಾದಶಹ ಆಗಲಿಲ್ಲ.

ಮಾಮ: ಆದವರು ಊರ ಹೊರಗಿನವರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಾಗ ಬಂಗಾಲದ ಸೆರಾಂಪುರದಾಗ ಅಚ್ಚಾತು. 1843ರಾಗ ಮಂಗಳೂರಾಗ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತಂದಾಗ ಅದು ಕಲ್ಲಚ್ಚು, ಕೈಬರಹನ ಕಲ್ಲಿನಿಂದ ಕಾಗದಕ್ಕ ಇಳೀತಿತ್ತು. ಮುಂದ ಅಲ್ಲಿಗೂ ಸೀಸದ ಮೊಳಿ ಬಂದು, 1894ರಾಗ ಕಿಟ್ಟೆಲ್ ನಿಘಂಟು ಅಚ್ಚಾಗೋ ಹೊತ್ತಿಗೆ ಕನ್ನಡ ಅಚ್ಚಕ್ಷರಕ್ಕ ಒಂದು ಗಟ್ಟಿ ರೂಪ ನಿಂತಿತ್ತು. ಅದರಾಗ ದಪ್ಪ-ತೆಳು ಅದ, ಆದ್ರ ಬೊಡೋನಿಯಷ್ಟು ಜಿಗಿತ ಇಲ್ಲ. ಇರಬಾರದೂ ಹೌದು.

ಅಳಿಯ: ಯಾಕ ಇರಬಾರದು? ಅದ ನನ್ನ ತಕರಾರು. ಇಂಗ್ಲಿಷಿಗೆ ಒಂದು ನ್ಯಾಯ, ಕನ್ನಡಕ್ಕ ಒಂದು ನ್ಯಾಯನ?

ಮಾಮ: ನ್ಯಾಯದ ಮಾತಲ್ಲ, ಅಳತಿ ಮಾತು. ಲೆಕ್ಕ ಮಾಡು. 72 ಪಾಯಿಂಟು ಅಂದ್ರ ಒಂದು ಇಂಚು. ಅಕ್ಷರದ ಅಳತಿಗೆ ಐವತ್ತರಾಗ ಒಂದು ಪಾಲು ತೆಳುಗೆರಿ ಅನ್ನು. 72 ಪಾಯಿಂಟಿನ ತಲೆಬರಹದಾಗ ಅದು ಅರ್ಧ ಮಿಲಿಮೀಟರು. ಚಂದ ಕಾಣ್ತದ. ಅದನ್ನ ಎಳೆದು 10 ಪಾಯಿಂಟಿಗೆ ತಂದ್ರ ಮಿಲಿಮೀಟರಿನ ನೂರು ಪಾಲಿನ್ಯಾಗ ಏಳು. ತಲಿಗೂದಲಿನಷ್ಟು. ಇಂಗ್ಲಿಷಿನ್ಯಾಗ ಕತಿ ಇಷ್ಟಕ್ಕ ಮುಗೀತು. ಕನ್ನಡದಾಗ ಅಕ್ಷರದ ಕೆಳಗ ಒತ್ತು ಅದ. ಒತ್ತು ಅಂದ್ರ ಅದ ಅಕ್ಷರ ಇನ್ನೂ ಸಣ್ಣ ಆಗಿ ಕೆಳಗ ಕೂಡೋದು. ಮ್ಯಾಲಿನ ಅಕ್ಷರದಾಗ ಕೂದಲಿನಷ್ಟಿದ್ದ ಗೆರಿ ಒತ್ತಿನ್ಯಾಗ ಅದರ ಅರ್ಧ. 'ಲಕ್ಷ್ಮಿ' ಅಂತ ಬರಿ. ಕ ಅದರ ಕೆಳಗ ಷ ಒತ್ತು, ಅದರ ಮಗ್ಗಲ ಮ ಒತ್ತು, ಮ್ಯಾಲ ಗುಡಿಸು. ಎಲ್ಲಿ ಹೋಗಿ ಕೂಡಬೇಕು ಆ ಗೆರಿ?

ಅಳಿಯ: ಒತ್ತಿನ ಗೆರಿ ಅಷ್ಟ ದಪ್ಪ ಮಾಡಿದ್ರ?

ಮಾಮ: ಅದ ಮಾಡಬೇಕಾದ್ದು. ಒತ್ತಕ್ಷರ ಬರೇ ಸಣ್ಣ ಮಾಡಿದ ಅಕ್ಷರ ಆಗಬಾರದು, ಬ್ಯಾರೇನ ಕೊರೀಬೇಕು. ಮೊಳಿ ಕಾಲದಾಗ ಇದು ತಾನಾಗಿ ಆಗ್ತಿತ್ತು. 12 ಪಾಯಿಂಟಿನ ಮೊಳಿ ಬ್ಯಾರೆ, 24ರದು ಬ್ಯಾರೆ, ಎರಡೂ ಬ್ಯಾರೆ ಬ್ಯಾರೆ ಕೊರೆದವು. ಸಣ್ಣ ಅಳತಿಗೆ ಕೊರಿಯೋವಾಗ ಗೆರಿ ಸ್ವಲ್ಪ ತೋರ ಬಿಡ್ತಿದ್ರು, ಸಂದಿ ಸ್ವಲ್ಪ ಅಗಲ ಇಡ್ತಿದ್ರು. ನೋಡೋರಿಗೆ ಎರಡೂ ಒಂದ ಅನ್ನಿಸ್ತಿತ್ತು. ನಿಮ್ಮ ಕಂಪ್ಯೂಟರ್ ಬಂದು ಒಂದ ಚಿತ್ರ ಇಟ್ಕೊಂಡು 8 ಪಾಯಿಂಟಿಗೂ ಅದ, 800 ಪಾಯಿಂಟಿಗೂ ಅದ ಅಂತ ಹಿಗ್ಗಿಸಿ ಕುಗ್ಗಿಸ್ತದ. ಕೆಟ್ಟದ್ದು ಅಲ್ಲಿ.

ಅಳಿಯ: ಇಂಗ್ಲಿಷಿನ್ಯಾಗೂ ಈ ಸಮಸ್ಯೆ ಇರಬೇಕಲ್ರಿ.

ಮಾಮ: ಇತ್ತು, ಅವರು ಬಗೆಹರಿಸಿಕೊಂಡ್ರು. ಹಾರ್ಪರ್ಸ್ ಬಜಾರ್ ಅಂತ ಅಮೆರಿಕದ ಪತ್ರಿಕಿ. 1990ರ ದಶಕದ ಸುರುವಿಗೆ ಜೊನಾಥನ್ ಹೋಫ್ಲರ್ ಅನ್ನಾವ ಅದಕ್ಕ ಒಂದು ಡಿಡೋ ಬರೆದುಕೊಟ್ಟ. ಒಂದಲ್ಲ, 7 ಅಳತಿಗೆ 7 ಬ್ಯಾರೆ ಬ್ಯಾರೆ ರೂಪ. 6 ಪಾಯಿಂಟಿಗೆ ಒಂದು, 96ಕ್ಕ ಒಂದು, ನಡುವ ಐದು. ಎಲ್ಲಾದರಾಗೂ ಕಣ್ಣಿಗೆ ತೆಳುಗೆರಿ ಒಂದ ಕಾಣ್ತದ. ಹಳೇ ಮೊಳಿ ಕೊರೆಯೋರ ಬುದ್ಧಿನ ಕಂಪ್ಯೂಟರಿಗೆ ಕಲಿಸಿದ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡವು ಸಣ್ಣವು ಸೇರಿ 52. ಅದಕ್ಕ ಏಳು ಸಲ ಬರೀಬಹುದು. ಕನ್ನಡದ ಒಂದು ಫಾಂಟಿನ್ಯಾಗ ಗುಣಿತ, ಒತ್ತು, ಎರಡು ಒತ್ತು ಕೂಡಿದವು ಎಲ್ಲಾ ಹಿಡಿದ್ರ ನೂರಾರು ಆಕಾರ. ಅದನ್ನ ಏಳು ಸಲ ಯಾರು ಬರೀಬೇಕು, ರೊಕ್ಕ ಯಾರು ಕೊಡಬೇಕು?

ಅಳಿಯ: ಅಂದ್ರ ನಮ್ಮ ಅಕ್ಷರ ಚಂದ ಆಗದಿರೋದು ಬಡತನಕ್ಕ, ಅಕ್ಷರದ ಗುಣಕ್ಕಲ್ಲ.

ಮಾಮ: ಮುಕ್ಕಾಲು ಪಾಲು ಹೌದು. ಕಾಲು ಪಾಲು ಅಕ್ಷರದ ಗುಣ ಕೂಡ ಅದ. ನಾ ಮೊಳಿ ಜೋಡಿಸೋವಾಗ ಹಳೇ ಮೊಳಿ ತಿಂದುಹೋಗಿರ್ತಿದ್ವು. ಮೊದಲು ಹೋಗೋದು ಯಾವುದು ಗೊತ್ತೇನು? ಸಣ್ಣ ಗೆರಿ. ಕನ್ನಡದಾಗ ಆ ಸಣ್ಣ ಗೆರಿ ಬರೇ ಅಲಂಕಾರ ಅಲ್ಲ, ಅರ್ಥ ಅದರ ಮ್ಯಾಲ ನಿಂತದ. 'ದ'ಕ್ಕ ಬುಡದಾಗ ಒಂದು ಸಣ್ಣ ಸೀಳು ಹಾಕಿದ್ರ 'ಧ'. 'ರ'ದ ಹೊಟ್ಯಾಗ ಒಂದು ಚುಕ್ಕಿ ಇಟ್ರ 'ಠ'. 'ಪ'ದ ಹೊಟ್ಯಾಗ ಒಂದು ಗೆರಿ ಎಳದ್ರ 'ಷ'. ಮುಂದ ಸುಧಾರಣಾ ಅಂತ ಆ ಸೀಳನ್ನ ಕೂದಲೆಳಿ ಮಾಡಿ 'ಧನಲಕ್ಷ್ಮಿ ಜ್ಯುವೆಲರ್ಸ್' ಅಂತ ಬೋರ್ಡ್ ಹಾಕು. ಕಲಬುರ್ಗಿ ಬಸ್ಸಿನ್ಯಾಗ ಕುಂತು ಹೋಗೋ ಮಂದಿ ಏನು ಓದ್ತಾರ?

ಅಳಿಯ: (ನಗುತ್ತಾ) ದನಲಕ್ಷ್ಮಿ.

ಮಾಮ: ಆ ಅಂಗಡಿಗೆ ಬಂಗಾರ ಕೊಳ್ಳೋರು ಬರಂಗಿಲ್ಲ, ಹಿಂಡಿ ಕೇಳೋರು ಬರ್ತಾರ.

ಅಳಿಯ: ಒಪ್ಪಿದೆ. ಆದ್ರ ಮಾಮಾ, ಒಂದು ಮಾತು ಸಿಟ್ಟಿಗೇಳದಂಗ ಕೇಳ್ರಿ. ನೀವು ಹೇಳೋ ಧಾಟಿ ಹ್ಯಾಂಗದ ಅಂದ್ರ, ಹಳ್ಳಿ ಮಂದಿಗೆ ದಪ್ಪಕ್ಷರ ಸಾಕು, ನಾಜೂಕು ಅಕ್ಷರ ಪುಣೆ-ಬೆಂಗಳೂರಿನವರಿಗೆ ಇರ್ಲಿ ಅಂದಂಗ. ಮೋರಟಗಿ ಹುಡುಗಗೂ ತನ್ನ ಹೆಸರು ಚಂದ ಕಾಣಬೇಕು ಅನ್ನೋ ಆಸೆ ಇರಬಾರದೇನು? ಜಾತ್ರಿ ಕರಪತ್ರ ನೋಡ್ರಿ, ರಾಜಕಾರಣಿ ಫ್ಲೆಕ್ಸ್ ನೋಡ್ರಿ, ತೀರ್ಕೊಂಡವರ ಶ್ರದ್ಧಾಂಜಲಿ ನೋಡ್ರಿ. ಎಲ್ಲಾದಕ್ಕೂ ಅದ ಕೊಬ್ಬಿದ ಅಕ್ಷರ, ಅದಕ್ಕ ಹಳದಿ ಅಂಚು, ಅಂಚಿಗೆ ಕೆಂಪು ಅಂಚು, ಹಿಂದ ಕರಿ ನೆರಳು. ಸತ್ತವರ ಹೆಸರೂ ಕೂಗ್ತದ, ಹುಟ್ಟಿದವರ ಹೆಸರೂ ಕೂಗ್ತದ. ಒಂದು ಅಕ್ಷರ ಮೆಲ್ಲಕ ಮಾತಾಡೂದು ನಮ್ಮೂರಾಗ ಇಲ್ಲೇ ಇಲ್ಲ.

ಮಾಮ: ... ಇದು ಖರೇ ಮಾತು. ಇದಕ್ಕ ನನ್ನ ಹತ್ರ ಉತ್ತರ ಇಲ್ಲ.

ಅಳಿಯ: ಉತ್ತರ ಬ್ಯಾಡ್ರಿ, ಫಾಂಟ್ ಹೇಳ್ರಿ.

ಮಾಮ: ಹೇಳ್ತೀನಿ, ಮೊದಲು ಹಳಕಟ್ಟಿಯವರ ಮಾತು ಒಂದು ಹೇಳಿಬಿಡ್ತೀನಿ. ನಿನ್ನ ಮಾತಿಗೆ ಹತ್ತಿರ ಅದ. ಫ. ಗು. ಹಳಕಟ್ಟಿ ವಿಜಯಪುರದಾಗ ವಕೀಲಿಕಿ ಮಾಡ್ತಿದ್ರು. ತಾಡೋಲಿ ಕೂಡಿಸಿ ವಚನ ಬರೆದಿಟ್ರು. ಆ ಹಸ್ತಪ್ರತಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಹೋಗಿ ತಿರುಗಿ ಬಂತು. ಕೊನೀಗೆ 1923ರಾಗ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯ ಮಹಾವೀರ ಪ್ರೆಸ್ಸಿನ್ಯಾಗ ಅಚ್ಚಾತು. ಆಮ್ಯಾಲ ಮಂದಿ ಪ್ರೆಸ್ ನಂಬಿ ಕುಂತ್ರ ಆಗಂಗಿಲ್ಲ ಅಂತ 1925ರಾಗ ವಿಜಯಪುರದಾಗ ಹಿತಚಿಂತಕ ಅಂತ ತಮ್ಮದ ಪ್ರೆಸ್ ಹಾಕಿದ್ರು. ಮರುವರ್ಷ 'ಶಿವಾನುಭವ' ಪತ್ರಿಕಿ. ಅವರಿಗೆ ಬೊಡೋನಿ ಬೇಕಾಗಿರಲಿಲ್ಲ, ವಚನ ಉಳೀಬೇಕಾಗಿತ್ತು. ಅಗ್ಗದ ಕಾಗದ, ಗಟ್ಟಿ ಮೊಳಿ, ಒತ್ತೊತ್ತಾಗಿ ಸಾಲು. ನಾವು ಪ್ರೆಸ್ಸಿಗೆ ಸೇರಿದಾಗ ಹಿರಿಯರು ನಮಗ ಕಲಿಸಿದ್ದೂ ಆ ಬುದ್ಧಿನ. ಅಕ್ಷರ ಅಂದ್ರ ತಿಳೀಬೇಕು, ಉಳೀಬೇಕು, ಅಷ್ಟ. ಚಂದದ ಮಾತು ಆಡಿದ್ರ ಮಾಲಕ, ರೊಕ್ಕ ನೀ ಕೊಡ್ತಿಯೇನು ಅಂತಿದ್ದ. ನೀ ಕೇಳೋ ಪ್ರಶ್ನೆ ನಮಗ ಕೇಳೋ ಪುರುಸೊತ್ತೇ ಇರಲಿಲ್ಲ.

ಅಳಿಯ: ಆ ಕೆಲಸ ಆಗಿಹೋತಲ್ರಿ. ವಚನ ಉಳದಾವ. 1993ರಾಗ ಸರಕಾರನ 15 ಸಂಪುಟ ಹೊರಗ ತಂತು. ಅದರ ಪ್ರಧಾನ ಸಂಪಾದಕರು ಎಂ. ಎಂ. ಕಲಬುರ್ಗಿಯವರು, ನಮ್ಮ ಸಿಂದಗಿ ತಾಲೂಕಿನವರ. ಉಳಿಸೋ ಕಾಲ ಮುಗಿದ ಮ್ಯಾಲ ಚಂದ ಮಾಡೋ ಕಾಲ ಬರಬೇಕಲಾ?

ಮಾಮ: ಬಂದದ, ಆದ್ರ ಅದೂ ಸುತ್ತುಬಳಸಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೆಸ್ಸು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಅಂತ ಪುಸ್ತಕಮಾಲೆ ತರ್ತದ. ಎಡಗಡೆ ಮೂಲ, ಬಲಗಡೆ ಇಂಗ್ಲಿಷು. 2017ರಾಗ ರಾಘವಾಂಕನ ಹರಿಶ್ಚಂದ್ರ ಕಾವ್ಯ ಅದರಾಗ ಬಂತು. ಆ ಮಾಲೆಗಾಗಿ ಭಾರತದ ಹಲವು ಲಿಪಿಗಳಿಗೆ ಹೊಸ ಅಕ್ಷರ ಬರೆಸಿದ್ರು, ಕನ್ನಡಕ್ಕೂ. ಬರೆದದ್ದು ಕೆನಡಾದ ಟೈರೋ ಅನ್ನೋ ಸಂಸ್ಥೆ. ಮುಂದ ಅದ ಅಕ್ಷರ 'ಟೈರೋ ಕನ್ನಡ' ಅಂತ ಗೂಗಲ್ ಫಾಂಟ್ಸಿನ್ಯಾಗ ಪುಕ್ಕಟೆ ಸಿಗ್ಲಿಕ್ಕ ಹತ್ತೇದ. ಇಳಿಸ್ಕೋ. ಹಳೇ ಮೊಳಿ ಅಕ್ಷರದ ಗಾಂಭೀರ್ಯ ಅದ, ದಪ್ಪ-ತೆಳು ಹದಾ ಅದ. 'ನೋಟೋ ಸೆರಿಫ್ ಕನ್ನಡ' ಅಂತ ಇನ್ನೊಂದು ಅದ, ಅದೂ ಪುಕ್ಕಟೆ, ಅದರಾಗ ತೆಳು ತೂಕದಿಂದ ದಪ್ಪ ತೂಕದತನಕ ಬ್ಯಾರೆ ಬ್ಯಾರೆ ಸಿಗ್ತಾವ.

ಅಳಿಯ: ಎರಡೂ ನೋಡೀನಿ. ಓದ್ಲಿಕ್ಕ ಚಂದ ಅವ. ಆದ್ರ ಈ ಹುಡುಗ ಕೇಳೋ ಥಳಕು ಅದರಾಗ ಇಲ್ಲ. ಅವು ಪುಸ್ತಕದ ಅಕ್ಷರ. ಮೊನ್ನೆ ನಾ ನುಡಿ ಫಾಂಟ್ ತಗೊಂಡು ಕೋರಲ್‌ಡ್ರಾದಾಗ ಮ್ಯಾಲಕ್ಕ ಜಗ್ಗಿ ನೋಡಿದೆ, ಉದ್ದ ಆದ್ರ ನಾಜೂಕು ಕಾಣ್ತದ ಅಂತ.

ಮಾಮ: ಆ ಪಾಪ ಮಾತ್ರ ಮಾಡಬ್ಯಾಡ. ಮ್ಯಾಲಕ್ಕ ಜಗ್ಗಿದ್ರ ಅಡ್ಡಗೆರಿ ದಪ್ಪ ಆಗ್ತದ, ನಿಂತ ಗೆರಿ ಹಂಗ ಉಳೀತದ. ಅಡ್ಡ ಜಗ್ಗಿದ್ರ ಅದರ ಉಲ್ಟಾ. ಬರೆದಾವ ಎಲ್ಲಿ ದಪ್ಪ ಇರಲಿ ಅಂತ ಇಟ್ಟಿದ್ದನೋ ಅಲ್ಲಿ ತೆಳು ಬರ್ತದ, ತೆಳು ಇಟ್ಟಲ್ಲಿ ದಪ್ಪ. ದುಂಡು ಅಕ್ಷರ ತತ್ತಿ ಆಗ್ತದ. ಸಿಂದಗಿಯಿಂದ ಜೇವರ್ಗಿತನಕ ರಸ್ತಾದ ಎರಡೂ ಕಡೆ ಬೋರ್ಡ್ ನೋಡ್ಕೋತ ಹೋಗು, ಅರ್ಧಕ್ಕರ್ಧ ಹಿಂಗ ಜಗ್ಗಿದವ ಸಿಗ್ತಾವ.

ಅಳಿಯ: ಹಂಗಾದ್ರ ಕನ್ನಡ ಅಕ್ಷರದ ತುದಿಗೆ ಇಂಗ್ಲಿಷಿನಂಗ ಸೆರಿಫ್ ಅಂಟಿಸಿದ್ರ? ಎರಡೂ ಜೋಡಿ ಕಾಣ್ತಾವ.

ಮಾಮ: ಬ್ಯಾಡ. ಇಂಗ್ಲಿಷ್ ಅಕ್ಷರಕ್ಕ ಕಾಲು ಅವ, ನೆಲದ ಮ್ಯಾಲ ನಿಲ್ತದ, ಅದಕ್ಕ ಬುಡದಾಗ ಅಡ್ಡಗೆರಿ ಒಪ್ತದ. ಕನ್ನಡ ಅಕ್ಷರದ ಬುಡ ದುಂಡು, ಅದಕ್ಕ ತೂಕ ಇರೋದು ತಲಿಯಾಗ, ತಲಕಟ್ಟಿನ್ಯಾಗ. ನೀ ನಾಜೂಕು ತರಬೇಕಂದ್ರ ತಲಕಟ್ಟಿನಿಂದ ಸುರು ಮಾಡು. ಅದು ಎಲ್ಲಿ ಏಳ್ತದ, ಹ್ಯಾಂಗ ಬಾಗ್ತದ, ತುದಿ ಎಷ್ಟು ಸಣ್ಣ ಆಗ್ತದ ಅನ್ನೂದು ನೋಡು. ಹೊಟ್ಟೀಗೆ ಮೈ ತುಂಬು, ಕೂಡೋ ಜಾಗಾದಾಗ ತೆಳು ಮಾಡು. ಸೀಳು, ಚುಕ್ಕಿ, ಒತ್ತು, ಈ ಮೂರಕ್ಕ ಮಾತ್ರ ಕೈ ಹಚ್ಚಬ್ಯಾಡ, ಅವು ಗಟ್ಟಿ ಇರಲಿ. ಇಂಗ್ಲಿಷ್ ಜೋಡಿ ಹೊಂದಬೇಕಂದ್ರ ಆಕಾರ ಹೊಂದೂದು ಬ್ಯಾಡ, ಬಣ್ಣ ಹೊಂದಬೇಕು. ಕಣ್ಣು ಅರ್ಧ ಮುಚ್ಚಿ ನೋಡು, ಎರಡೂ ಸಾಲು ಒಂದ ಕಪ್ಪು ಕಂಡ್ರ ಸಾಕು.

ಅಳಿಯ: ಇದನ್ನೆಲ್ಲಾ ಮಾಡ್ಲಿಕ್ಕ ಫಾಂಟ್ ಬೇಕಲ್ರಿ ಮತ್ತ.

ಮಾಮ: ಎರಡು ಹೆಸರಿಗೆ ಫಾಂಟ್ ಯಾಕೋ? ಹುಡುಗನ ಹೆಸರು, ಹುಡುಗಿ ಹೆಸರು, ಕೂಡಿ ಹತ್ತು ಅಕ್ಷರ ಆಗಂಗಿಲ್ಲ. ಅವನ್ನ ಬರಿ. ಹಿಂದ ಪತ್ರಿಕಿ ತಲೆಬರಹ, ಕಾದಂಬರಿ ಮುಖಪುಟ ಎಲ್ಲಾ ಕಲಾವಿದರು ಕೈಯಿಂದ ಬರೆದು ಬ್ಲಾಕ್ ಮಾಡಿಸ್ತಿದ್ರು. ಸತುವಿನ ತಗಡು, ಆಸಿಡ್ಡಿನ್ಯಾಗ ಕೊರೆಸಿದ್ದು. ಆ ಬ್ಲಾಕ್ ಮೊಳಿ ಜೋಡಿ ಇಟ್ಟು ಅಚ್ಚು ಹಾಕ್ತಿದ್ವಿ. ಒಂದು ಅಗಲ ಬ್ರಶ್ಶು ತಾ, ದೊಡ್ಡದಾಗಿ ಬರಿಯೋಣು, ನಿಮ್ಮ ಸ್ಕ್ಯಾನರಿಗೆ ಹಾಕು. ಈ ಊರ ಗ್ವಾಡಿ ಮ್ಯಾಲ ಬರೀತಿದ್ದ ಪೇಂಟರ್ ಹುಡುಗರು ಫ್ಲೆಕ್ಸ್ ಬಂದ ಮ್ಯಾಲ ಕೆಲಸ ಇಲ್ಲದ ಕುಂತಾರ, ಅವರನ್ನ ಕರಿ. ಅವರ ಕೈಯಾಗ ದಪ್ಪ-ತೆಳು ತಾನಾಗಿ ಬರ್ತದ, ಬೊಡೋನಿ ಹೆಸರು ಅವರಿಗೆ ಗೊತ್ತಿರಬೇಕಂತಿಲ್ಲ.

ಅಳಿಯ: ಇದು ಹೊಳೆದಿರಲಿಲ್ಲ. ಹಂಗಾದ್ರ ಉಳಿದ ಮಜಕೂರು? ಮುಹೂರ್ತ, ಸ್ಥಳ, ಆಹ್ವಾನಿಸುವವರು? ಆಹ್ವಾನಿಸುವವರ ಪಟ್ಟಿ ಭಾಳ ಅದ, ದೊಡ್ಡಪ್ಪಂದಿರು, ಕಾಕಾಗೋಳು, ಮಾವಂದಿರು, ಅವರ ಮಕ್ಕಳು. ಯಾರ ಹೆಸರು ಬಿಟ್ರೂ ಜಗಳ.

ಮಾಮ: ಅವು ಎಲ್ಲಾ ಟೈರೋ ಇಲ್ಲಾ ನೋಟೋ ಸೆರಿಫ್, 11 ಪಾಯಿಂಟಿಗೆ ಕಮ್ಮಿ ಇಳೀಬ್ಯಾಡ. ಥಳಕಿನ ಅಕ್ಷರ ಮೈತುಂಬಾ ಹಾಕಬಾರದು. ಇಳಕಲ್ ಸೀರಿ ಮೈಯೆಲ್ಲಾ ತೋಪ ಸೆರಗೇ ಇದ್ರ ಉಡೋದು ಹ್ಯಾಂಗ? ಮೈ ಸಾದಾ ಇರೋದಕ್ಕ ಸೆರಗಿಗೆ ಬೆಲೆ. ಅಕ್ಷತಾ ಟೈಮು, ಫೋನ್ ನಂಬರು ಇವೆರಡು ಮಾತ್ರ ಸ್ವಲ್ಪ ದಪ್ಪ ಇರಲಿ. ಲಗ್ನಪತ್ರ ಅಂದ್ರ ಕೊನೀಗೆ ಮಂದಿ ಹುಡುಕೋದು ಅವೆರಡನ್ನ.

ಅಳಿಯ: ಮತ್ತ ವಾಟ್ಸ್ಯಾಪ್? ಕಾರ್ಡ್ ಇನ್ನೂರು ಛಾಪಿಸ್ತಾರ, ಫೋನಿನ್ಯಾಗ ಸಾವಿರ ಮಂದಿಗೆ ಕಳಿಸ್ತಾರ.

ಮಾಮ: ಅದು ನನಗಿಂತ ನಿನಗ ಗೊತ್ತಿರಬೇಕು.

ಅಳಿಯ: ಗೊತ್ತದ. ಫೋಟೋ ಮಾಡಿ ಕಳಿಸಿದ್ರ ವಾಟ್ಸ್ಯಾಪ್ ಅದನ್ನ ಹಿಂಡಿ ಸಣ್ಣ ಮಾಡ್ತದ, ಮೊದಲು ಹಾಳಾಗೋದು ತೆಳುಗೆರಿನ, ಸುತ್ತ ಮಬ್ಬು ಕೂಡ್ತದ. ಒಬ್ಬರಿಂದ ಒಬ್ಬರಿಗೆ ಹೋಗಿ ಅದನ್ನ ಮತ್ತ ಯಾರೋ ಸ್ಕ್ರೀನ್‌ಶಾಟ್ ಹೊಡೆದು ಕಳಿಸಿದ್ರಂತೂ ಕೇಳಬ್ಯಾಡ್ರಿ. ಅದಕ್ಕ ನಾ ಫೋನಿಗೆ ಒಂದು ಬ್ಯಾರೇನ ಮಾಡ್ತೀನಿ. ಹೆಸರು ಇನ್ನೂ ದೊಡ್ಡದು, ತೆಳುಗೆರಿ ಸ್ವಲ್ಪ ತೋರ, ಮಜಕೂರು ನಾಕ ಸಾಲು. ಪಿಡಿಎಫ್ ಮಾಡಿ ಕಳಿಸಿದ್ರ ಗೆರಿ ಹಂಗ ಉಳೀತದ, ಆದ್ರ ಪಿಡಿಎಫ್ ತೆರೆದು ನೋಡೋ ತಾಳ್ಮಿ ಮಂದಿಗೆ ಇಲ್ಲ.

ಮಾಮ: ನೋಡು, ಅಳತಿಗೊಂದು ಅಕ್ಷರ ಕೊರೆಯೋ ಕೆಲಸ ನೀನ ಮಾಡಾಕತ್ತಿ. ಹೋಫ್ಲರ್ ಏಳು ಮಾಡಿದ, ನೀ ಎರಡು.

ಅಳಿಯ: ನನಗ ಇನ್ನೊಂದು ಆಸೆ ಅದ್ರಿ. ನುಡಿ ತಂತ್ರಾಂಶನ ಕನ್ನಡ ಗಣಕ ಪರಿಷತ್ತು ಮಾಡಿತು, 'ಬರಹ' ಶೇಷಾದ್ರಿ ವಾಸು ಅವರು 1998ರಾಗ ಕೊಟ್ರು, ಕೀಲಿಮಣೆ ಕೆ. ಪಿ. ರಾವ್ ಅವರದು. ಕನ್ನಡ ಟೈಪ್ ಮಾಡೋ ತೊಂದ್ರಿ ಹೋತು. ಇನ್ನ ಸರಕಾರನೋ ವಿಶ್ವವಿದ್ಯಾಲಯನೋ ಒಂದು ನಾಜೂಕು ತಲೆಬರಹದ ಅಕ್ಷರ ಬರೆಸಿ ಪುಕ್ಕಟೆ ಬಿಡಬೇಕು. ಬರೇ 30 ಪಾಯಿಂಟಿಗಿಂತ ಮ್ಯಾಲಿನ ಅಳತಿಗೆ ಸಾಕು. ಒತ್ತು ಬ್ಯಾರೆ ಕೊರೆದಿರಬೇಕು, ಜೋಡಿ ಒಂದು ಫ್ಲೆಕ್ಸಿನ ತೂಕ ಇರಬೇಕು. ಲಗ್ನಪತ್ರ, ಕವನ ಸಂಕಲನ, ನಾಟಕದ ಪೋಸ್ಟರು, ಹೋಟೆಲ್ ಮೆನು, ಎಷ್ಟಕ್ಕೆಲ್ಲಾ ಬರ್ತದ! ಈಗ ಇವೆಲ್ಲಾದಕ್ಕೂ ಇಂಗ್ಲಿಷ್ ಹೆಸರು ಹಾಕೋದು ಇಂಗ್ಲಿಷಿನ ಮೋಹಕ್ಕಷ್ಟ ಅಲ್ಲ, ಕನ್ನಡದಾಗ ಅಷ್ಟು ಚಂದ ಕಾಣೋ ಅಕ್ಷರ ಕೈಗೆ ಸಿಗದ್ದಕ್ಕ ಕೂಡ.

ಮಾಮ: ಆ ಅರ್ಜಿ ಕಳಿಸು, ನಾನೂ ಸಹಿ ಮಾಡ್ತೀನಿ. ಅದು ಬರೋತನಕ ಬ್ರಶ್ಶು ಅದ. ಮತ್ತ ನಿನ್ನ ಗಿರಾಕಿಗಳಿಗೆ ಒಂದು ಮಾತು ಅಂಗಡಿ ಗ್ವಾಡಿ ಮ್ಯಾಲ ದಪ್ಪಕ್ಷರದಾಗ ಬರೆದು ಹಾಕು: ಸ್ಕ್ರೀನಿನ ಮ್ಯಾಲ ನೋಡಿ ಹೂಂ ಅನ್ನಬ್ಯಾಡ್ರಿ. ಅದ ಕಾರ್ಡಿನ ಮ್ಯಾಲ, ಅದ ಬಣ್ಣದಾಗ, ಅದ ಅಳತಿಗೆ ಒಂದು ಪ್ರೂಫ್ ತಗಿಸ್ರಿ, ಮನಿಯಾಗಿನ ಹಿರಿಯರ ಕೈಯಾಗ ಕೊಡ್ರಿ, ಚಾಳೀಸ ಇಲ್ಲದ ಓದಿಸ್ರಿ. ಅವರು ಹೆಸರು ತಪ್ಪದ ಓದಿದ್ರ ಛಾಪಿಸ್ರಿ, ಇಲ್ಲಂದ್ರ ಗೆರಿ ದಪ್ಪ ಮಾಡಿಸ್ರಿ.